ಟವಲು ಹೊದ್ದು ಬಂದ ಓಟಿ

ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಕಳೆದು ಮೂರು ವಾರವಾಗಿತ್ತು. ರಾಯಕೋಟೆ ಕಡೆಯ ಒಂದು ಹಳ್ಳಿಯಲ್ಲಿ ಎತ್ತು ಬಿಡುವ ಹಬ್ಬ ಅಂತ ಗೊತ್ತಾಗಿದ್ದೇ ತಡ, ನನ್ನ ತಮ್ಮ ಮುನಿರಾಜ ಮನೆಯಲ್ಲಿ ಯಾರನ್ನೂ ಒಂದು ಮಾತು ಕೇಳದೆ ನಮ್ಮ ಹೋರಿಯ ಹೆಸರು ಕೊಟ್ಟು ಟೋಕನ್ ತಂದುಬಿಟ್ಟ.

ನಮ್ಮೂರು ತಮಿಳುನಾಡಿನ ಗಡಿಯೊಳಗೆ, ಗುಮ್ಮಳಾಪುರದ ಹತ್ತಿರ. ನಮ್ಮ ಕಡೆ ಸಂಕ್ರಾಂತಿ ಕಳೆದ ಮೇಲೆ ಶಿವರಾತ್ರಿವರೆಗೂ ಒಂದಲ್ಲ ಒಂದು ಊರಲ್ಲಿ ಎತ್ತು ಬಿಡುತ್ತಲೇ ಇರುತ್ತಾರೆ. ಊರ ಬೀದಿಯ ಎರಡೂ ಕಡೆ ಸರ್ವೆ ಕಂಬ ನೆಟ್ಟು ಬೇಲಿ ಕಟ್ಟುತ್ತಾರೆ. ಹೋರಿಗಳನ್ನು ಒಂದೊಂದಾಗಿ ಬಿಡುತ್ತಾರೆ. ಬೇಲಿಯ ಆಚೆ ಈಚೆ ಸಾವಿರಾರು ಜನ ಕೂಗಾಡುತ್ತಿರುತ್ತಾರೆ. ಅವರ ನಡುವೆ ನುಗ್ಗಿಕೊಂಡು ಗುರುತು ಹಾಕಿದ ಗೆರೆಯನ್ನು ಯಾವ ಹೋರಿ ಬೇಗ ದಾಟುತ್ತದೋ ಅದಕ್ಕೆ ಬಹುಮಾನ.

ನಾನು ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಚೆಕಿಂಗ್ ಕೆಲಸ ಮಾಡುತ್ತೇನೆ. ಬೆಳಗಿನಿಂದ ಸಂಜೆವರೆಗೆ ಪಾಸ್, ರಿಜೆಕ್ಟ್, ಪಾಸ್, ರಿಜೆಕ್ಟ್ ಅನ್ನುವುದೇ ಕೆಲಸ. ಮನೆಗೆ ಬಂದ ಮೇಲೂ ಆ ಬುದ್ಧಿ ಬಿಡುವುದಿಲ್ಲ. ಬಾಯಿ ಬೇರೆ ಸ್ವಲ್ಪ ಜೋರು. ತಮ್ಮ ತಂದ ಟೋಕನ್ ನೋಡಿದ ಕೂಡಲೇ "ರಿಜೆಕ್ಟ್, ತಗಂಡೋಗಿ ವಾಪಸ್ ಕೊಟ್ ಬಾ" ಅಂದೆ. ಆದರೆ ಅಪ್ಪನ ಮುಖ ನೋಡಿ ಸುಮ್ಮನಾಗಬೇಕಾಯಿತು. ಮಂಡಿ ನೋವಿನಿಂದ ಜಗಲಿ ಬಿಟ್ಟು ಏಳದ ಅಪ್ಪ ಅವತ್ತು ಎದ್ದು ನಿಂತು, ಹೋರಿಯ ಬೆನ್ನು ಸವರುತ್ತಾ, "ಓಡ್ತದೆ ಕಣಮ್ಮ ಇದು, ಚೆನ್ನಾಗ್ ಓಡ್ತದೆ" ಅಂದರು.

ಹೋರಿಯ ಹೆಸರು ಬೊಮ್ಮ. ಅವನು ಇಪ್ಪತ್ತು ದಿನದ ಕರುವಾಗಿದ್ದಾಗ ಅವನ ತಾಯಿ ಚರ್ಮಗಂಟು ರೋಗ ಬಂದು ಸತ್ತಿತ್ತು. ಬೆಳಗ್ಗೆ ಕಂಪನಿ ಬಸ್ಸು ಬರುವ ಮೊದಲು ಒಂದು ಬಾಟಲಿ, ಸಂಜೆ ಬಂದು ಬ್ಯಾಗು ಇಡುವ ಮೊದಲು ಒಂದು ಬಾಟಲಿ ಹಾಲು ಕುಡಿಸಿ ಅವನನ್ನು ಬದುಕಿಸಿದವಳು ನಾನು. ಕುಡಿಸುವಾಗ ಅವನ ಹತ್ತಿರ ಫ್ಯಾಕ್ಟರಿಯ ಕಥೆಯನ್ನೆಲ್ಲ ಹೇಳುತ್ತಿದ್ದೆ. ಸೂಪರ್‌ವೈಸರ್ ಬೈದಿದ್ದು, ಕ್ಯಾಂಟೀನಿನ ಸಾಂಬಾರು ನೀರಾಗಿದ್ದು, ಎಲ್ಲ. ಅವನಷ್ಟು ತಾಳ್ಮೆಯಿಂದ ನನ್ನ ಮಾತು ಕೇಳಿದವರು ನಮ್ಮ ಮನೆಯಲ್ಲಿ ಇನ್ನೊಬ್ಬರಿಲ್ಲ.

ಅದೇ ತಿಂಗಳು ಒಂದು ಭಾನುವಾರ ಮಧ್ಯಾಹ್ನದವರೆಗೆ ಓಟಿ, ಅಂದರೆ ರಜೆ ದಿನದ ಹೆಚ್ಚುವರಿ ಕೆಲಸ, ಮಾಡಿ ಬರುವಾಗ ಬಸ್ಸು ನಿಲ್ಲುವ ಕಡೆ ಒಂದು ಹೆಣ್ಣು ನಾಯಿಮರಿ ಕುಂಯ್‌ಗುಡುತ್ತಿತ್ತು. ಹೆಣ್ಣು ಮರಿ ಅಂತ ಯಾರೋ ಬಿಟ್ಟುಹೋಗಿದ್ದರು. ಊಟದ ಬ್ಯಾಗಿನಲ್ಲಿ ಹಾಕಿಕೊಂಡು ಬಂದೆ. ಓಟಿ ದಿನ ಸಿಕ್ಕಿದ್ದಕ್ಕೆ ಹೆಸರೂ ಓಟಿ ಅಂತಲೇ ಆಯಿತು. ಅಪ್ಪ ಅದನ್ನು ಕೊಟ್ಟಿಗೆಯಲ್ಲಿ ಕರುವಿನ ಪಕ್ಕ ಹುಲ್ಲಿನ ಮೇಲೆ ಬಿಟ್ಟರು. ತಾಯಿಯಿಲ್ಲದ ಎರಡೂ ಒಂದರ ಹೊಟ್ಟೆಗೆ ಒಂದು ಒರಗಿ ಮಲಗಿದವು.

ಅಲ್ಲಿಂದ ಮುಂದೆ ಅವು ಬೇರೆ ಆಗಲೇ ಇಲ್ಲ. ಬೊಮ್ಮ ಆಳೆತ್ತರ ಬೆಳೆದ, ಕೊಂಬು ಬಂತು, ಊರಿನವರೆಲ್ಲ ಹೆದರುವ ಹಾಗಾದ. ಆದರೆ ಸಂಜೆ ಹೊಲದಿಂದ ಕೊಟ್ಟಿಗೆಗೆ ಬರುವಾಗ ಓಟಿ ಮುಂದೆ, ಅವನು ಹಿಂದೆ. ಅದು ಹಿಂತಿರುಗಿ ನೋಡುವುದೂ ಇಲ್ಲ, ಬಾಲ ಎತ್ತಿಕೊಂಡು ತನ್ನ ಪಾಡಿಗೆ ನಡೆಯುತ್ತದೆ. ಅವನು ಹಗ್ಗ ಹಿಡಿದವರಿಲ್ಲದಿದ್ದರೂ ಅದರ ಹಿಂದೆಯೇ ಬರುತ್ತಾನೆ. ಒಮ್ಮೆ ದನದ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಟೆಂಪೋ ತಂದಾಗ ನಾಲ್ಕು ಜನ ಹಿಂದಿನಿಂದ ನೂಕಿದರೂ ಹತ್ತಲಿಲ್ಲ. ಓಟಿ ಹಲಗೆ ಮೇಲೆ ಓಡಿ ಟೆಂಪೋ ಹತ್ತಿತು ನೋಡಿ, ಅವನೂ ಹತ್ತಿದ. ಅವತ್ತಿನಿಂದ ಅದೇ ಅಭ್ಯಾಸ. ನಾಯಿ ಹತ್ತದೆ ಹೋರಿ ಹತ್ತುವುದಿಲ್ಲ.

ಹಬ್ಬದ ಹಿಂದಿನ ದಿನ ಟೋಕನ್ ಹಿಂದೆ ತಮಿಳಿನಲ್ಲಿ ಅಚ್ಚು ಹಾಕಿದ್ದ ನಿಯಮಗಳನ್ನು ಮುನಿರಾಜ ಓದಿದ. ಹೋರಿಗೆ ಏನನ್ನೂ ಕುಡಿಸಬಾರದು, ಕೊಂಬು ಚೂಪು ಮಾಡಬಾರದು ಅಂತೆಲ್ಲ ಇತ್ತು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಯಾರೂ ನಾಯಿ ತರಬಾರದು ಅಂತ ಇತ್ತು.

"ಈಗೇನ್ ಮಾಡೋದಕ್ಕಾ?" ಅಂದ.

"ಅವ್ರ್ ಕಣ್ಣಿಗ್ ಬಿದ್ರೆ ತಾನೆ? ನಾನ್ ಮುಂದ್ಗಡೆ ಸೀಟಲ್ಲಿ ಮಡ್ಲಲ್ಲಿ ಕೂರಿಸ್ಕಂಡು ಟವಲು ಹೊದಿಸ್ತೀನಿ" ಅಂದೆ. ಆ ದರಿದ್ರ ಉಪಾಯ ನನ್ನದೇ, ಒಪ್ಪಿಕೊಳ್ಳುತ್ತೇನೆ.

ಬೆಳಗ್ಗೆ ಹೊರಡುವಾಗ ಅಪ್ಪ ಬೊಮ್ಮನ ಹಣೆಗೆ ಕುಂಕುಮ ಇಟ್ಟು, "ಬಹುಮಾನ ಗಿಹುಮಾನ ಅಂತ ತಲೆ ಕೆಡಿಸ್ಕಬ್ಯಾಡಿ. ಹೆಂಗ್ ಕರ್ಕಂಡ್ ಹೋಗ್ತೀರೋ ಹಂಗೇ ಕರ್ಕಂಡ್ ಬನ್ನಿ" ಅಂದರು. ಓಟಿ ಮೊದಲು ಟೆಂಪೋ ಹತ್ತಿತು, ಬೊಮ್ಮ ಹತ್ತಿದ. ಅವನನ್ನು ಕಟ್ಟಿದ ಮೇಲೆ ಓಟಿಯನ್ನು ಇಳಿಸಿ ನನ್ನ ಮಡಿಲಿಗೆ ಹಾಕಿಕೊಂಡೆ.

ದಾರಿಯುದ್ದಕ್ಕೂ ಅದು ತೆಪ್ಪಗಿತ್ತು. ಊರ ಬಾಗಿಲಲ್ಲಿ ಕಮಿಟಿಯವರು ಟೆಂಪೋಗಳನ್ನು ನಿಲ್ಲಿಸಿ ಟೋಕನ್ ನೋಡುತ್ತಿದ್ದರು. ನಾನು ಮಗುವಿಗೆ ಬಿಸಿಲು ತಾಗದ ಹಾಗೆ ಮುಚ್ಚಿಕೊಂಡವಳಂತೆ ಟವಲು ಸರಿಮಾಡಿಕೊಂಡು ಕೂತಿದ್ದೆ. ಹುಡುಗನೊಬ್ಬ ಟೋಕನ್ ನೋಡಿ "ಹೋಗಿ" ಅಂದ. ಟೆಂಪೋ ಹೊರಡುವಷ್ಟರಲ್ಲಿ ಪಕ್ಕದಲ್ಲಿ ತಮಟೆ ಶುರುವಾಯಿತು, ಟವಲು ಬೊಗಳಿತು.

ಒಂದು ಸಲ ಅಲ್ಲ, ಏಳೆಂಟು ಸಲ. ಬಾಗಿಲ ಪಕ್ಕದಲ್ಲೇ ಮೈಕಿನವನ ಅಟ್ಟಣೆ. ತಮಿಳು, ಕನ್ನಡ, ತೆಲುಗು ಮೂರನ್ನೂ ಕಲಸಿ ಬೆಳಗಿನಿಂದ ಬಾಯಿಗೆ ಬಿಡುವಿಲ್ಲದೆ ಮಾತಾಡುತ್ತಿದ್ದ ಆ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಊಟ ಸಿಗುತ್ತಿತ್ತೇ? "ಎಲ್ಲಾ ಇಲ್ ನೋಡ್ರಪ್ಪೋ! ಗುಮ್ಮಳಾಪುರದ ಕಡೆಯಿಂದ ಬಂದಿರೋ ಅಕ್ಕನ ಮಡ್ಲಲ್ಲಿ ಪಾಪು ಬೊಗಳ್ತಾ ಐತೆ! ಪಾಪುಗೆ ಬಾಲನೂ ಐತೆ!" ಅಂತ ಕೂಗಿದ. ಬೀದಿಗೆ ಬೀದಿಯೇ ನಕ್ಕಿತು. ನನ್ನ ಕಿವಿಯೆಲ್ಲ ಬಿಸಿಯಾಯಿತು. ಹಿಂದೆ ಹೋರಿಯ ಪಕ್ಕದಲ್ಲಿದ್ದ ಮುನಿರಾಜ ನನ್ನ ಗುರುತೇ ಇಲ್ಲದವನ ಹಾಗೆ ಆಚೆ ಕಡೆ ನೋಡುತ್ತಾ ನಿಂತ.

ಆಗ ಜನರನ್ನು ಸರಿಸಿಕೊಂಡು ಹಸಿರು ಶಾಲು ಹೆಗಲಿಗೆ ಹಾಕಿದ ಒಬ್ಬರು ಬಂದರು. ಅರವತ್ತರ ಮೇಲಿನ ವಯಸ್ಸು, ಸಣಕಲು ಮೈ. ಕಮಿಟಿಯ ಹಿರಿಯರು, ತಿಮ್ಮರಾಯಪ್ಪ ಅಂತ ಹೆಸರು.

"ನೋಡಮ್ಮ, ಟೋಕನ್ ಹಿಂದೆ ಬರ್ದಿರೋದು ಓದಾಕ್ ಬರಾಕಿಲ್ವಾ?" ಅಂದರು.

"ನಂಗ್ ಬತ್ತದೆ, ನಮ್ ಹೋರಿಗ್ ಬರಾಕಿಲ್ಲ. ಅದು ಈ ನಾಯಿ ಇಲ್ದಿದ್ರೆ ಟೆಂಪೋ ಹತ್ತಲ್ಲ" ಅಂದೆ.

"ಹತ್ತಿದ್ದಾಯ್ತಲ್ಲ, ಈಗ ಇಳೀತದೆ. ನಾಯಿ ಮಾತ್ರ ಒಳೀಕ್ ಬರಂಗಿಲ್ಲ."

"ಇದು ಯಾರ್ನೂ ಕಚ್ಚಲ್ಲ."

"ಕಚ್ಚೋ ನಾಯಿಗೆ ನಾನ್ ಎದರಲ್ಲಮ್ಮ. ಎದರ್ಕಂಡಿರೋ ನಾಯಿ ಕಂಡ್ರೇ ನಂಗ್ ಭಯ. ಕಚ್ಚೋದು ಒಬ್ರನ್ನ ಕಚ್ಚಿ ಸುಮ್ಕಾಯ್ತದೆ. ಎದರ್ಕಂಡಿದ್ದು ಎತ್ಲಾಗ್ ಓಡ್ತದೋ, ಏನ್ ಮಾಡ್ತದೋ ಅದ್ಕೇ ಗೊತ್ತಿರಾಕಿಲ್ಲ."

ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ಆದರೆ ಅಷ್ಟು ಜನರ ಮುಂದೆ ನಗೆಪಾಟಲಾದ ಸಿಟ್ಟು ನನ್ನ ತಲೆಗೇರಿತ್ತು. "ಮನೇಲಿ ಒಂದ್ ದನ ಸಾಕಿದ್ರೆ ನಿಮ್ಗೂ ಗೊತ್ತಾಗ್ತಿತ್ತು, ಅದ್ರ ಕಷ್ಟ ಏನು ಅಂತ" ಅಂದುಬಿಟ್ಟೆ.

ತಿಮ್ಮರಾಯಪ್ಪ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಬೇಲಿಯ ಆಚೆ ಟೆಂಪೋಗಳು ನಿಲ್ಲುವ ಕಡೆ ಇದ್ದ ಬೇವಿನ ಮರ ತೋರಿಸಿ, "ಅಲ್ ಕಟ್ಟು" ಅಂದಷ್ಟೇ ಹೇಳಿ ಹೋದರು.

ಓಟಿಯನ್ನು ಬೇವಿನ ಮರಕ್ಕೆ ಕಟ್ಟಿ ಬರುವಾಗ ಮಜ್ಜಿಗೆ ಹಂಚುತ್ತಿದ್ದ ಆ ಊರಿನ ಹೆಂಗಸೊಬ್ಬಳು ನನ್ನ ಕೈ ಹಿಡಿದು ನಿಲ್ಲಿಸಿದಳು. "ಏನಮ್ಮ ಹಂಗ್ ಅಂದ್ಬುಟ್ಟೆ ತಾತನ್ನ? ಹೋದ್ವರ್ಷ ಇದೇ ಬೀದೀಲಿ ಅವ್ರ ಹೋರಿ ಬಿತ್ತು. ಯಾರೋ ತಂದಿದ್ದ ನಾಯಿ ಪಟಾಕಿಗೆ ಎದರ್ಕಂಡು ಬೇಲಿ ನುಸುಳಿ ಕಾಲಡೀಕ್ ಬಂತು. ಅದನ್ನ ತುಳೀಬಾರ್ದು ಅಂತ ಹೋರಿ ಪಕ್ಕಕ್ ನೆಗೀತು, ಮುಂದ್ಗಾಲು ಮುರೀತು. ನಾಕ್ ದಿನ ಅಷ್ಟೇ ಇದ್ದಿದ್ದು. ಮಗೀನಂಗೆ ಸಾಕಿದ್ರು."

ಅವಳು ಕೊಟ್ಟ ಮಜ್ಜಿಗೆ ಲೋಟ ಕೈಯಲ್ಲೇ ಉಳಿಯಿತು. ಈ ನಾಲಿಗೆಯನ್ನು ಕಿತ್ತು ಎಸೆಯಬೇಕು ಅನ್ನಿಸಿತು. ಹೋಗಿ ತಪ್ಪಾಯಿತು ಅನ್ನೋಣವೆಂದು ತಿರುಗಿದೆ. ನೋಡಿದರೆ ತಿಮ್ಮರಾಯಪ್ಪ ಬೇವಿನ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದರು. ಓಟಿಯ ಮುಂದೆ ಪೇಂಟಿನ ಹಳೇ ಡಬ್ಬದಲ್ಲಿ ನೀರಿತ್ತು. ಓಟಿಯ ಕೆಳಗೆ ಒದ್ದೆ ಗೋಣಿಚೀಲ ಹಾಸಿದ್ದರು. ಓಟಿ ಅವರ ಕೈ ಮೂಸುತ್ತಿತ್ತು. ಹತ್ತಿರ ಹೋಗಲು ನನಗೆ ಮುಖವಿರಲಿಲ್ಲ. ಅಷ್ಟರಲ್ಲಿ ಮೈಕಿನಲ್ಲಿ ನಮ್ಮ ಟೋಕನ್ ನಂಬರು ಕೂಗಿದರು.

ಬಿಡುವ ಕಡೆ ಮುನಿರಾಜ, ಗೆರೆಯ ಆಚೆ ಹಿಡಿಯುವ ಕಡೆ ನಾನು. ಅಲ್ಲಿ ನಿಂತಿದ್ದವರೆಲ್ಲ ಗಂಡಸರೇ. ಹೆಂಗಸರೆಲ್ಲ ಮಾಳಿಗೆಗಳ ಮೇಲಿದ್ದರು. "ಅಕ್ಕಾ, ಮೇಲೆ ಹೋಗಿ, ಇಲ್ ನಿಲ್ಬಾರ್ದು" ಅಂತ ಒಬ್ಬ ಹೇಳಿದ. "ಅದ್ಕೆ ಹಾಲು ಕುಡಿಸಿದ್ದು ನಾನು ಕಣಪ್ಪ, ನೀನಲ್ಲ" ಅಂದೆ. ಅವನು ಜಾಗ ಬಿಟ್ಟು ಸರಿದ.

ಬೊಮ್ಮ ಬಂದ. ಅಯ್ಯೋ, ಅದನ್ನು ಹೇಗೆ ಹೇಳಲಿ? ದಿನವೂ ನನ್ನ ಅಂಗೈ ನೆಕ್ಕುವ ನಮ್ಮ ಬೊಮ್ಮನೇ ಅವನು ಅಂತ ನಂಬಲಾಗಲಿಲ್ಲ. ಕೊಂಬಿಗೆ ಕಟ್ಟಿದ್ದ ಹಳದಿ ಬಟ್ಟೆ ಹಿಂದಕ್ಕೆ ಹಾರುತ್ತಿತ್ತು. ಎರಡೂ ಕಡೆಯಿಂದ ಚಾಚಿದ ಕೈಗಳಲ್ಲಿ ಒಂದೂ ಅವನ ಮೈಗೆ ತಾಗಲಿಲ್ಲ. ಮೈಕಿನವನಿಗೇ ಮಾತು ನಿಂತುಹೋಯಿತು. ಗೆರೆ ದಾಟಿದ. ಎದೆ ಒಡೆಯುವಷ್ಟು ಸಂತೋಷದಿಂದ "ಬೊಮ್ಮಾ, ಬಾರೋ ಕಂದಾ!" ಅಂತ ಕೂಗಿದೆ. ನನ್ನ ದನಿ ಕೇಳಿ ಅವನ ಕಿವಿ ಈ ಕಡೆ ತಿರುಗಿತು, ಓಟ ಸಣ್ಣಗಾಯಿತು. ಇನ್ನೇನು ಹತ್ತು ಹೆಜ್ಜೆ.

ಅಷ್ಟರಲ್ಲಿ ಅವನ ಓಟ ಕಂಡು ಹುಚ್ಚೆದ್ದ ಯಾರೋ ಪುಣ್ಯಾತ್ಮರು ಅವನ ಹಿಂದೆಯೇ ಒಂದು ಸರ ಪಟಾಕಿ ಹಚ್ಚಿದರು.

ಬೊಮ್ಮ ನಿಂತಲ್ಲೇ ನೆಗೆದ. ಹೋರಿಗಳು ಆಚೆ ಹೋಗದಂತೆ ಬೀದಿಯ ಕೊನೆಯಲ್ಲಿ ಕಟ್ಟಿದ್ದ ಬಲೆ ಅವನಿಗೆ ಲೆಕ್ಕಕ್ಕೇ ಬರಲಿಲ್ಲ. ಅದನ್ನು ಹಾರಿ, ಟೊಮ್ಯಾಟೋ ತೋಟದೊಳಗೆ ನುಗ್ಗಿ, ಆಚೆಯ ಕಲ್ಲುದಿಬ್ಬದ ಕಡೆ ಓಡಿದ. ಪಕ್ಕದಲ್ಲಿದ್ದ ಮುದುಕನೊಬ್ಬ ತಲೆ ಮೇಲೆ ಕೈ ಹೊತ್ತುಕೊಂಡು, "ಅಯ್ಯೋ, ಅತ್ಲಾಗ್ ಕ್ವಾರಿ ಐತಲ್ಲಪ್ಪಾ!" ಅಂದ.

ಕ್ವಾರಿ ಅಂದರೆ ಕಲ್ಲುಗಣಿ. ನಮ್ಮ ಜಿಲ್ಲೆಯಲ್ಲಿ ಕಲ್ಲು ತೆಗೆದು ಬಿಟ್ಟ ಇಂಥ ಹಳ್ಳ ಎಷ್ಟೋ ಇವೆ. ಬೇಲಿ ಇರುವುದಿಲ್ಲ, ಗೋಡೆಯ ಹಾಗೆ ನೆಟ್ಟಗೆ ಇಳಿದಿರುತ್ತವೆ, ತಳದಲ್ಲಿ ಹಸಿರು ನೀರು ನಿಂತಿರುತ್ತದೆ. ಹೇಗೆ ಓಡಿದೆನೋ ಗೊತ್ತಿಲ್ಲ. ಚಪ್ಪಲಿ ಎರಡೂ ಟೊಮ್ಯಾಟೋ ಗಿಡಗಳ ನಡುವೆ ಹೋದವು.

ದಿಬ್ಬ ಹತ್ತಿದಾಗ ಬೊಮ್ಮ ಕಂಡ. ಕ್ವಾರಿಯ ಅಂಚಿನಲ್ಲಿ, ಹಳ್ಳಕ್ಕೆ ಬೆನ್ನು ಹಾಕಿ, ನಮ್ಮ ಕಡೆ ಮುಖ ಮಾಡಿ ನಿಂತಿದ್ದ. ಬಾಯಲ್ಲಿ ನೊರೆ, ಕಣ್ಣು ಬೆಳ್ಳಗೆ. ನನ್ನ ಹಿಂದೆಯೇ ನೂರಾರು ಹುಡುಗರು ಓಡಿ ಬಂದರು. ಅರ್ಧ ಜನ ಫೋನ್ ಎತ್ತಿ ಹಿಡಿದಿದ್ದರು, ಅರ್ಧ ಜನ ಶಿಳ್ಳೆ ಹೊಡೆಯುತ್ತಿದ್ದರು. "ಹಿಡ್ಕಳ್ಲಾ! ಮೂಗುದಾರಕ್ ಕೈ ಹಾಕ್ಲಾ!" ಅನ್ನುತ್ತಿದ್ದರು. ಅವರು ಒಂದು ಹೆಜ್ಜೆ ಮುಂದೆ ಬಂದರೆ ಬೊಮ್ಮ ಅರ್ಧ ಹೆಜ್ಜೆ ಹಿಂದೆ ಹೋಗುತ್ತಿದ್ದ. ನಾನು ಹೆಸರು ಹಿಡಿದು ಕರೆಯುತ್ತಾ ಎರಡು ಹೆಜ್ಜೆ ಇಟ್ಟೆ. ನನ್ನನ್ನೂ ಗುರುತಿಸಲಿಲ್ಲ. ಹಿಂದಿನ ಗೊರಸು ತಾಗಿ ಒಂದು ಕಲ್ಲು ಜಾರಿತು. ಅದು ನೀರಿಗೆ ಬಿದ್ದ ಸದ್ದು ಎಷ್ಟೋ ಹೊತ್ತಿನ ಮೇಲೆ ಕೇಳಿಸಿತು.

"ಬರ್ಬ್ಯಾಡಿ, ದಮ್ಮಯ್ಯ, ಯಾರೂ ಬರ್ಬ್ಯಾಡಿ" ಅಂತ ಕಿರುಚಿದೆ. ಮುನಿರಾಜ ಓಡಿ ಬಂದು ಎರಡೂ ಕೈ ಚಾಚಿ ಜನರಿಗೆ ಅಡ್ಡ ನಿಂತ. ಯಾರು ಕೇಳುತ್ತಾರೆ? ಹಿಂದಿನವರು ಮುಂದಿನವರನ್ನು ನೂಕುತ್ತಲೇ ಇದ್ದರು.

ಆಗ ಒಂದು ಗುಡುಗಿನಂಥ ದನಿ ಬಂತು. "ಕೂತ್ಕಳ್ರಲಾ ಎಲ್ಲಾ! ಉಕ್ಕಾರುಂಗಪ್ಪಾ! ಕೂರ್ಚೋಂಡಿ!" ತಿಮ್ಮರಾಯಪ್ಪ. ಆ ಸಣಕಲು ಮೈಯಲ್ಲಿ ಅಂಥ ದನಿ ಎಲ್ಲಿತ್ತೋ! ಕನ್ನಡ, ತಮಿಳು, ತೆಲುಗು, ಮೂರರಲ್ಲೂ ಕೂಗಿದರು. ಮುಂದಿನ ಸಾಲಿನ ಒಬ್ಬನ ಹೆಗಲು ಹಿಡಿದು ಕೂರಿಸಿಯೇಬಿಟ್ಟರು. ಒಬ್ಬ ಕೂತ, ಹತ್ತು ಜನ ಕೂತರು, ದಿಬ್ಬದ ತುಂಬ ಇದ್ದ ಜನವೆಲ್ಲ ಕಲ್ಲಿನ ಮೇಲೆ, ಮಣ್ಣಿನ ಮೇಲೆ ಕೂತಿತು. ಫೋನುಗಳೂ ಕೆಳಗಿಳಿದವು.

ಅವರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನಾಯಿ ಮುಂದೆ ಹೋದ್ರೇನೇ ಟೆಂಪೋ ಹತ್ತೋದು ಅಂದ್ಯಲ್ಲಮ್ಮ, ನಿಜ್ವಾಗ್ಲೂ ಹಂಗೇನಾ? ಒಳೀಕ್ ತರಾಕೆ ಹೇಳಿದ್ ಸುಳ್ಳಲ್ವಲ್ಲ?"

"ನಮ್ಮಪ್ಪನಾಣೆ ತಾತಾ, ಸುಳ್ಳಲ್ಲ. ದಿನಾ ಅದ್ರ ಹಿಂದೇನೇ ಮನೆಗ್ ಬರೋದು."

"ಸರಿ. ನೀನೂ ಕೂತ್ಕ. ಏಳ್ಬ್ಯಾಡ, ಹತ್ರ ಹೋಗ್ಬ್ಯಾಡ. ದಿನಾ ಹೆಂಗ್ ಮಾತಾಡ್ತೀಯೋ ಹಂಗ್ ಮಾತಾಡ್ತಾ ಇರು. ನಂಗೂ ಆ ನಾಯಿಗೂ ಗುರ್ತಾಗೈತೆ. ನಾನ್ ತತ್ತೀನಿ."

ಅವರು ಹೋದರು. ನಾನು ಕೂತೆ. ಏನು ಮಾತಾಡಲಿ? ಬಾಟಲಿ ಹಾಲು ಕುಡಿಸುವಾಗ ಹೇಳುತ್ತಿದ್ದ ಮಾತೇ ಬಾಯಿಗೆ ಬಂತು. "ಇವತ್ತು ಏನಾಯ್ತು ಗೊತ್ತೇನೋ ಬೊಮ್ಮ? ಸೂಪರ್‌ವೈಸರ್ ಬಂದ. ಮೂರನೇ ಲೈನಲ್ಲಿ ಅಷ್ಟೂ ರಿಜೆಕ್ಟು ಅಂದ. ನಾನ್ ಬುಟ್ನಾ? ಕ್ಯಾಂಟೀನ್ ಸಾಂಬಾರ್ ಇವತ್ತೂ ನೀರೇ ಕಣೋ..." ಹಿಂದೆ ಅಷ್ಟು ಜನ ಕೂತು ನನ್ನ ಫ್ಯಾಕ್ಟರಿಯ ಕಥೆ ಕೇಳುತ್ತಿದ್ದರು, ಒಬ್ಬರೂ ನಗಲಿಲ್ಲ. ಬೊಮ್ಮನ ಒಂದು ಕಿವಿ ಮಾತ್ರ ನನ್ನ ಕಡೆ ತಿರುಗಿತ್ತು. ಮೈ ಇನ್ನೂ ನಡುಗುತ್ತಿತ್ತು. ಮುಂದಕ್ಕೆ ಬರಲಿಲ್ಲ, ಆದರೆ ಹಿಂದಕ್ಕೂ ಹೋಗಲಿಲ್ಲ.

ಎಷ್ಟು ಹೊತ್ತಾಯಿತೋ ತಿಳಿಯದು. ಹಿಂದೆ ಸರಿದಾಡಿದ ಸದ್ದಾಯಿತು. ತಿರುಗಿ ನೋಡಿದೆ. ಕೂತ ಜನ ದಾರಿ ಬಿಡುತ್ತಿದ್ದರು. ನಡುವೆ ತಿಮ್ಮರಾಯಪ್ಪ ಬರುತ್ತಿದ್ದರು. ಕುರಿ ಕಾಯುವವರು ಮರಿಯನ್ನು ಹೊರುವ ಹಾಗೆ ಓಟಿಯನ್ನು ಕುತ್ತಿಗೆಯ ಮೇಲೆ ಹಾಕಿಕೊಂಡು, ನಾಲ್ಕೂ ಕಾಲು ಎದೆಯ ಮುಂದೆ ಹಿಡಿದಿದ್ದರು. ಬೆವರು ಇಳಿಯುತ್ತಿತ್ತು, ಏದುಸಿರು. ಓಟಿ ಕಿವಿ ಮಡಚಿಕೊಂಡು ಅವರ ಹಸಿರು ಶಾಲಿನೊಳಗೆ ಮುಖ ಹುದುಗಿಸಿತ್ತು.

ನನ್ನ ಪಕ್ಕದಲ್ಲಿ ಮಂಡಿಯೂರಿ ಇಳಿಸುತ್ತಾ, "ಇಷ್ಟ್ ಜನದ್ ಮಧ್ಯೆ ನಡೆಸ್ಕಂಡ್ ಬಂದಿದ್ರೆ ಇದೂ ಎದರ್ಕಂಡು ಓಡೋದು. ಅದ್ಕೇ ಹೊತ್ಕಂಡ್ ಬಂದೆ" ಅಂದರು.

ಓಟಿ ಮೈ ಕೊಡವಿತು. ನನ್ನ ಕಡೆ ನೋಡಲಿಲ್ಲ. ಬೊಮ್ಮನನ್ನು ಕಂಡಿತು. ಓಡಲೂ ಇಲ್ಲ, ಬೊಗಳಲೂ ಇಲ್ಲ. ದಿನಾ ಸಂಜೆ ಹೊಲದಲ್ಲಿ ಹೋಗುವ ಹಾಗೆ ನೆಲ ಮೂಸುತ್ತಾ ಸೀದಾ ಅವನ ಮುಂಗಾಲಿನ ಹತ್ತಿರ ಹೋಯಿತು. ಬೊಮ್ಮ ತಲೆ ತಗ್ಗಿಸಿದ. ಅದು ಅವನ ಮೂತಿ ನೆಕ್ಕಿತು. ಅವನು ಒಂದು ದೊಡ್ಡ ಉಸಿರು ಬಿಟ್ಟಿದ್ದು ನಾನು ಕೂತಲ್ಲಿಗೂ ಕೇಳಿಸಿತು.

ಆಮೇಲೆ ಓಟಿ ಅವನಿಗೆ ಬೆನ್ನು ಹಾಕಿ, ಬಾಲ ಎತ್ತಿಕೊಂಡು ಈ ಕಡೆ ಹೊರಟಿತು. ಹಿಂತಿರುಗಿ ನೋಡಲಿಲ್ಲ. ಬರುತ್ತಾನೆ ಅಂತ ಅದಕ್ಕೆ ಗೊತ್ತು.

ಬೊಮ್ಮ ಒಂದು ಹೆಜ್ಜೆ ಇಟ್ಟ. ಇನ್ನೊಂದು. ಹಿಂದಿನ ಕಾಲು ಅಂಚಿನಿಂದ ಈಚೆ ಬಂತು. ನನ್ನ ಕಣ್ಣಿಂದ ನೀರು ತಾನಾಗಿ ಸುರಿಯುತ್ತಿತ್ತು, ಒರೆಸಲು ಕೈ ಎತ್ತುವುದಕ್ಕೂ ಭಯ. ಅವನು ನನ್ನ ಪಕ್ಕದಲ್ಲೇ ಹಾದುಹೋದ. ಮುನಿರಾಜ ಮೂಗುದಾರದ ಕಡೆ ಕೈ ಚಾಚಿದ. ತಿಮ್ಮರಾಯಪ್ಪ ಪಿಸುಗುಟ್ಟಿದರು: "ಮುಟ್ಬ್ಯಾಡ ಕಣ್ಲಾ. ಹೋಗ್ಲಿ."

ಮುಂದೆ ಓಟಿ, ಹಿಂದೆ ಬೊಮ್ಮ, ಅವನ ಹಿಂದೆ ದೂರದಲ್ಲಿ ನಾವು ಮೂವರು. ದಿಬ್ಬ ಇಳಿದು, ಟೊಮ್ಯಾಟೋ ತೋಟದ ಬದುವಿನಲ್ಲಿ ನಡೆದು ಬೇವಿನ ಮರದವರೆಗೆ ಹೋದೆವು. ಕೂತವರು ಒಬ್ಬರೂ ಏಳಲಿಲ್ಲ. ಅಷ್ಟು ಜನ ಅಷ್ಟು ಸುಮ್ಮನಿದ್ದದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ. ಮರದ ಕೆಳಗೆ ಓಟಿ ಅದೇ ಪೇಂಟಿನ ಡಬ್ಬದಲ್ಲಿ ನೀರು ಕುಡಿಯಿತು. ಬೊಮ್ಮನೂ ಮೂತಿ ತೂರಿಸಿ ಡಬ್ಬ ಉರುಳಿಸಿದ. ಆಗ ಹೋಗಿ ಅವನ ಕುತ್ತಿಗೆ ತಬ್ಬಿ ಹಗ್ಗ ಹಾಕಿದೆ.

ದಿಬ್ಬದ ಮೇಲಿಂದ ಎದ್ದ ಕೂಗು ರಾಯಕೋಟೆಯ ದುರ್ಗಕ್ಕೂ ಕೇಳಿಸಿರಬೇಕು. ಟವಲುಗಳು ಗಾಳಿಯಲ್ಲಿ ತಿರುಗಿದವು. "ಈಗ ಯಾವನಾದ್ರೂ ಪಟಾಕಿ ಹಚ್ಚಿದ್ರೆ ಕೈ ಮುರೀತೀನಿ!" ಅಂತ ತಿಮ್ಮರಾಯಪ್ಪ ಗದರಿದರು. ಯಾರೂ ಹಚ್ಚಲಿಲ್ಲ.

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. "ತಾತಾ, ಬೆಳಗ್ಗೆ ಗೊತ್ತಿಲ್ದೆ ಏನೇನೋ ಅಂದ್ಬುಟ್ಟೆ. ತಪ್ಪಾಯ್ತು."

"ಬುಡಮ್ಮ ಅತ್ಲಾಗೆ" ಅಂದರು. ಆಮೇಲೆ ಬೊಮ್ಮನ ಕಡೆ ನೋಡುತ್ತಾ, "ಹೋದ್ವರ್ಷ ನಂದು ಹೋಯ್ತು. ಇವತ್ತು ನಿಂದೂ ಹೋಗಿದ್ರೆ ನಾನ್ ಇನ್ನೊಂದ್ ಹಬ್ಬದ್ ಮುಖ ನೋಡ್ತಿರ್ಲಿಲ್ಲ" ಅಂದರು.

ಮಧ್ಯಾಹ್ನ ಬಹುಮಾನ ಕೂಗಿದಾಗ ಬೊಮ್ಮನಿಗೆ ಮೂರನೆಯದು ಬಂತು, ಒಂದು ಕಬ್ಬಿಣದ ಬೀರು. ಅದನ್ನು ಕೂಗಿದ ಮೇಲೆ ಮೈಕಿನವನು ಗಂಟಲು ಸರಿಮಾಡಿಕೊಂಡ. "ಲಿಸ್ಟಲ್ಲಿ ಇಲ್ದಿರೋ ಬಹುಮಾನ ಇನ್ನೊಂದೈತೆ. ಬೆಳಗ್ಗೆ ಕದ್ದು ಟವಲು ಹೊದ್ಕಂಡ್ ಬಂದೋರ್ಗೆ ಈಗ ಎಲ್ರ ಮುಂದೆ ಟವಲು ಹೊದಿಸ್ತೀವಿ! ಓಟಿ ಅವರು ವೇದಿಕೆಗೆ ಬರ್ಬೇಕು!"

ನಾನು ಓಟಿಯನ್ನು ಬಿಚ್ಚಲು ಹೋದೆ. ತಿಮ್ಮರಾಯಪ್ಪ ಮೈಕ್ ಕಿತ್ತುಕೊಂಡರು. "ನಾಯಿ ಒಳೀಕ್ ಬರಂಗಿಲ್ಲ. ರೂಲ್ಸು ರೂಲ್ಸೇ" ಅಂದರು. ಒಂದು ಗಳಿಗೆ ಎಲ್ಲರೂ ಪೆಚ್ಚಾದರು. "ನಾವೇ ಆಚೀಕ್ ಹೋಗಾಣ, ನಡೀರಪ್ಪ" ಅಂತ ಅವರು ವೇದಿಕೆ ಇಳಿದರು.

ಕಮಿಟಿಗೆ ಕಮಿಟಿಯೇ ಹಾರ ಹಿಡಿದು ಬೇಲಿ ದಾಟಿ ಬೇವಿನ ಮರದ ಕೆಳಗೆ ಬಂತು. ತಮಟೆಯವರನ್ನು ಅಷ್ಟು ದೂರದಲ್ಲೇ ನಿಲ್ಲಿಸಿದರು. ತಿಮ್ಮರಾಯಪ್ಪ ತಮ್ಮ ಹೆಗಲ ಮೇಲಿದ್ದ ಹಸಿರು ಶಾಲನ್ನೇ ತೆಗೆದು ಓಟಿಯ ಬೆನ್ನಿಗೆ ಹೊದಿಸಿದರು. ಬಸ್ಸು ನಿಲ್ಲುವ ಕಡೆ ಯಾರಿಗೂ ಬೇಡವಾಗಿ ಬಿದ್ದಿದ್ದ ನಾಯಿ ಅದು. ಅದರ ಮುಂದೆ ಅಷ್ಟು ಜನ ಹಿರಿಯರು ನಿಂತಿದ್ದರು. ನನಗೆ ಆದ ಹೆಮ್ಮೆ ನಾನು ಹತ್ತನೇ ಕ್ಲಾಸು ಪಾಸಾದಾಗಲೂ ಆಗಿರಲಿಲ್ಲ. ಬೀರುವನ್ನು ಟೆಂಪೋದಲ್ಲಿ ಮುಂದಕ್ಕೆ ಸರಿಸಿ ಕಟ್ಟಿದ ಮೇಲೆ ಹಲಗೆ ಹಾಕಿದಾಗ, ಇದೆಲ್ಲ ನಿಜವಾ ಅಂತ ನೋಡಲು ಜನ ಸುತ್ತ ನಿಂತರು. ಶಾಲು ಹೊದ್ದುಕೊಂಡೇ ಓಟಿ ಹತ್ತಿತು. ಬೊಮ್ಮ ಹಿಂದೆಯೇ ಹತ್ತಿದ.

ಮನೆಗೆ ಬಂದು ಇಳಿಸಿದಾಗ ಅಪ್ಪ ಬೀರು ನೋಡಲಿಲ್ಲ. ಬೊಮ್ಮನ ನಾಲ್ಕು ಕಾಲನ್ನೂ ಸವರಿ ನೋಡಿ, "ಪಾಸ್" ಅಂದರು.

ಜಾತ್ರೆ, ಮದುವೆ, ಮೆರವಣಿಗೆ ಅಂತ ಜನ ಸೇರುವ ಕಡೆ ನಾಯಿ ಕರೆದುಕೊಂಡು ಹೋಗುವವರನ್ನು ಕಂಡರೆ ಈಗ ನಾನೇ ಜಗಳಕ್ಕೆ ನಿಲ್ಲುತ್ತೇನೆ. ನಮಗೆ ಹಬ್ಬ, ಅದಕ್ಕೆ ಅಲ್ಲಿ ಕಾಣುವುದು ಬರೀ ಕಾಲು, ಕೇಳುವುದು ಬರೀ ಸದ್ದು. ತಿಮ್ಮರಾಯಪ್ಪನವರ ಹೆಗಲ ಮೇಲೆ ಓಟಿ ಮುಖ ಹುದುಗಿಸಿಕೊಂಡಿದ್ದು ಕಣ್ಣ ಮುಂದೆ ಬರುತ್ತದೆ. ಇನ್ನೊಂದು ಮಾತನ್ನೂ ಹೇಳುತ್ತೇನೆ: ತರಲೇಬೇಕಾದವರು ಇರುತ್ತಾರೆ, ಅವರಿಗೆ ಆಚೆ ಒಂದು ನೆರಳು ಮಾಡಿ. ಆ ಊರಿನವರು ಮಾಡಿದ್ದಾರೆ. ಈಗ ಅವರ ಟೋಕನ್ ಹಿಂದೆ, ನಾಯಿ ಒಳಗೆ ಬರಬಾರದು ಅನ್ನುವುದರ ಕೆಳಗೆ, ಹೋರಿಯ ಜೊತೆ ಬರುವ ನಾಯಿಗಳಿಗೆ ಬೇವಿನ ಮರದ ಕೆಳಗೆ ನೆರಳು, ನೀರು ಉಂಟು ಅಂತ ಅಚ್ಚು ಹಾಕಿಸುತ್ತಾರೆ. ಬಲೆಯ ಜಾಗದಲ್ಲಿ ಗಟ್ಟಿ ಕಂಬ ಬಂದಿದೆ. ಪಟಾಕಿ ನಿಂತಿದೆ.

ಹೋದ ಯುಗಾದಿಗೆ ತಿಮ್ಮರಾಯಪ್ಪ ಫೋನ್ ಮಾಡಿದ್ದರು. "ಇಷ್ಟ್ ದಿನ ಕೊಟ್ಟಿಗೆ ಕಡೆ ಹೋಗಾಕೇ ಮನಸ್ ಬತ್ತಿರ್ಲಿಲ್ಲ ಕಣಮ್ಮ. ಈಗೊಂದ್ ಕರು ತಂದಿವ್ನಿ" ಅಂದರು. ಆಮೇಲೆ ಸ್ವಲ್ಪ ನಾಚಿಕೊಂಡವರ ಹಾಗೆ, "ಜೊತೇಲಿ ಒಂದ್ ನಾಯಿಮರಿನೂ ತಂದಿವ್ನಿ. ಅದ್ಕೆ ಹೆಸ್ರು ನೀನೇ ಹೇಳ್ಬೇಕು" ಅಂದರು.

ನಾನು ಯೋಚನೆ ಮಾಡಲೇ ಇಲ್ಲ. "ಬೋನಸ್ ಅಂತ ಇಡಿ ತಾತಾ" ಅಂದೆ.

ಆ ಕಡೆಯಿಂದ ನಗು ಕೇಳಿಸಿತು. ಅವರು ನಕ್ಕಿದ್ದನ್ನು ನಾನು ಅವತ್ತೇ ಮೊದಲ ಸಲ ಕೇಳಿದ್ದು. ಹಿಂದೆ ಎಲ್ಲೋ ಕರು ಅಂಬಾ ಅಂದಿತು, ಮರಿ ಕುಂಯ್ ಅಂದಿತು. "ತಡಿ ತಡಿ, ಕರೀತಾವೆ" ಅಂತ ಅವರು ಫೋನ್ ಇಟ್ಟು ಕೊಟ್ಟಿಗೆಗೆ ಹೋದರು.